‘ಶಿ ಹಾರ್ಡ್ಲಿ ಸ್ಟಡೀಸ್, ಮೇಡಂ’

ಶನಿವಾರ ಮಗನ ಶಾಲೆಯಲ್ಲಿ ಪೇರೆಂಟ್ಸ್ ಮೀಟಿಂಗ್ ಇತ್ತು. ಐದನೇ ಕ್ಲಾಸಿನ ಬೆಂಚಿನ ಮೇಲೆ ಮಗನ ಜೊತೆ ಕೂತು ನನ್ನ ಸರದಿಗೆ ಕಾಯುತ್ತಿದ್ದೆ. ನಮಗಿಂತ ಮುಂಚೆ ಒಬ್ಬ ತಾಯಿ, ಪಕ್ಕದಲ್ಲಿ ಎರಡು ಜಡೆಯ ಹುಡುಗಿ. ಟೀಚರ್ ಕಾರ್ಡಿನಲ್ಲಿ ಗಣಿತದ ಮಾರ್ಕ್ಸಿನ ಮೇಲೆ ಪೆನ್ನಿಟ್ಟರು. 40ಕ್ಕೆ 17. "ಡಸ್ ಶಿ ಸ್ಟಡಿ ಅಟ್ ಹೋಮ್?" ಎಂದರು.

ಆ ತಾಯಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ವಾಕ್ಯ ಜೋಡಿಸಿಕೊಳ್ಳುತ್ತಿದ್ದಾರೆ ಅಂತ ಅವರ ತುಟಿ ನೋಡಿದರೇ ಗೊತ್ತಾಗುತ್ತಿತ್ತು. ಆಮೇಲೆ ಸೆರಗು ಸರಿಮಾಡಿಕೊಂಡು, ಒಂದೊಂದೇ ಪದ ಬಿಡಿಸಿ ಹೇಳಿದರು: "ಶಿ ಹಾರ್ಡ್ಲಿ ಸ್ಟಡೀಸ್, ಮೇಡಂ. ಡೈಲಿ ಹಾರ್ಡ್ಲಿ ಸ್ಟಡೀಸ್."

"ಐ ಕ್ಯಾನ್ ಸೀ ದಟ್" ಎಂದರು ಟೀಚರ್, ಕಾರ್ಡಿನಲ್ಲಿ ಏನೋ ಬರೆಯುತ್ತಾ.

ತಾಯಿಯ ಮುಖ ಅರಳಿತು. ಮಗಳು ಪಡುತ್ತಿರುವ ಕಷ್ಟ ಟೀಚರಿಗೂ ಕಾಣಿಸಿದೆ ಅಂದುಕೊಂಡರು. "ಯೆಸ್ ಮೇಡಂ, ಯೆಸ್" ಅಂತ ತಲೆಯಾಡಿಸಿದರು. ಹುಡುಗಿ ಮಾತ್ರ ತಲೆ ಎತ್ತಲಿಲ್ಲ. ಅಮ್ಮನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಅವಳಿಗೆ ಅರ್ಥವಾಗಿತ್ತು.

ನನಗೂ ಅರ್ಥವಾಗಿತ್ತು. ಸುಮ್ನೆ ಕೂತಿದ್ದೆ.

ನಾವು ಹೊರಗೆ ಬಂದಾಗ ಆ ತಾಯಿ ಗೇಟಿನ ಹತ್ತಿರ ನಿಂತು ಫೋನಿನಲ್ಲಿ ಗಂಡನಿಗೆ ಹೇಳುತ್ತಿದ್ದರು: "ಹೂಂ ರೀ, ದಿನಾ ಹತ್ತೂವರೆವರೆಗೂ ಕೂತು ಓದ್ತಾಳಲ್ಲ, ಅದು ಮೇಡಂಗೂ ಗೊತ್ತಾಗಿದೆ." ಆ ಮಾತು ಕೇಳಿದ ಮೇಲೆ ಇಡೀ ವಾರ ನನಗೆ ಸಮಾಧಾನವಿಲ್ಲ. ಅನ್ನಕ್ಕೆ ಇಟ್ಟರೆ ‘ಶಿ ಹಾರ್ಡ್ಲಿ ಸ್ಟಡೀಸ್’, ಬಸ್ಸಿನಲ್ಲಿ ಕೂತರೆ ‘ಶಿ ಹಾರ್ಡ್ಲಿ ಸ್ಟಡೀಸ್’.

ಅವರು ಹೇಳಹೊರಟಿದ್ದು ‘ಕಷ್ಟಪಟ್ಟು ಓದ್ತಾಳೆ’ ಅಂತ. ಅದಕ್ಕೆ ‘ಶಿ ಸ್ಟಡೀಸ್ ಹಾರ್ಡ್’ ಅಂದರೆ ಸಾಕಿತ್ತು. ‘ಹಾರ್ಡ್ಲಿ’ ಅಂದಕೂಡಲೇ ‘ಪುಸ್ತಕ ಮುಟ್ಟೋದೇ ಅಪರೂಪ’ ಅಂತಾಯಿತು. ಆದರೆ ಅವರ ತಪ್ಪಾದರೂ ಏನು? ಶಾಲೆಯಲ್ಲಿ ಕಲಿತ ನಿಯಮವನ್ನು ಮರೆಯದೆ ಪಾಲಿಸಿದರು. ಕನ್ನಡದಲ್ಲಿ ‘ಆಗಿ’ ಬರುವ ಕಡೆ ಇಂಗ್ಲಿಷಿನಲ್ಲಿ ‘ಲಿ’ ಹಾಕಿ ಅಂತ ನಮಗೆಲ್ಲ ಹೇಳಿಕೊಟ್ಟಿದ್ದರು ಅಲ್ವಾ? ನಿಧಾನವಾಗಿ, ಸ್ಲೋಲಿ. ಸ್ಪಷ್ಟವಾಗಿ, ಕ್ಲಿಯರ್ಲಿ. ನಮ್ಮ ಕಾಲದ ಕನ್ನಡ ಮೀಡಿಯಂನಲ್ಲಿ ಎಬಿಸಿಡಿ ಶುರುವಾಗುತ್ತಿದ್ದದ್ದೇ ಐದನೇ ಕ್ಲಾಸಿಗೆ. ಅಷ್ಟು ತಡವಾಗಿ ಕೈಗೆ ಸಿಕ್ಕ ನಿಯಮವನ್ನು ಯಾರಾದರೂ ಗಟ್ಟಿಯಾಗಿಯೇ ಹಿಡಿದುಕೊಳ್ಳುತ್ತಾರೆ.

ಮನೆಗೆ ಬಂದು ಡಿಕ್ಷನರಿ ತೆಗೆದೆ. ಹಿಂದೆ ಇಂಗ್ಲಿಷಿನಲ್ಲೂ ಈ ಪದಕ್ಕೆ ‘ಶ್ರಮಪಟ್ಟು’ ಅನ್ನುವ ಅರ್ಥವೇ ಇತ್ತಂತೆ. ಅದು ‘ಕಷ್ಟದಿಂದ ಹೇಗೋ’ ಅಂತ ಜಾರಿ, 16ನೇ ಶತಮಾನದ ಹೊತ್ತಿಗೆ ‘ಇಲ್ಲ ಅನ್ನುವಷ್ಟು ಕಡಿಮೆ’ ಅನ್ನುವಲ್ಲಿಗೆ ಬಂದು ನಿಂತಿತು. ಆ ತಾಯಿಯ ಮಾತು ಒಂದು ಕಾಲದ ಇಂಗ್ಲಿಷಿನವರಿಗೆ ಸರಿಯಾಗಿಯೇ ಕೇಳಿಸುತ್ತಿತ್ತೇನೋ. ಓದಿ ಸಂಕಟ ಇನ್ನೂ ಜಾಸ್ತಿ ಆಯಿತು.

ನಮ್ಮ ‘ಅಷ್ಟಾಗಿ’ ಇದೆಯಲ್ಲ, ಅದೂ ಇಂಥದ್ದೇ ಪದ. ಆದರೆ ಅದು ಮೋಸ ಮಾಡುವುದಿಲ್ಲ. ‘ಅಷ್ಟಾಗಿ ಓದಲ್ಲ’ ಅನ್ನುವಾಗ ಕೊನೆಯ ‘ಅಲ್ಲ’ ಕಿವಿಗೆ ಬೀಳುತ್ತದೆ. ‘ಹಾರ್ಡ್ಲಿ’ಯಲ್ಲಿ ಆ ‘ಇಲ್ಲ’ ಪದದೊಳಗೇ ಅವಿತು ಕೂತಿದೆ. ಅದಕ್ಕೇ ‘ಡಸಂಟ್ ಹಾರ್ಡ್ಲಿ’ ಅನ್ನುವ ಹಾಗಿಲ್ಲ, ‘ಇಲ್ಲ’ ಎರಡು ಸಲ ಆಗುತ್ತದೆ.

ರಾತ್ರಿ ಮಗನನ್ನು ಕೂರಿಸಿಕೊಂಡು ಹೇಳಿಕೊಟ್ಟೆ. ಪದ ಕೂರುವ ಜಾಗ ನೋಡು. ‘ಹಾರ್ಡ್’ ಕೆಲಸದ ಪದ ಆದಮೇಲೆ ಬರುತ್ತೆ, ‘ಶಿ ವರ್ಕ್ಸ್ ಹಾರ್ಡ್’. ‘ಹಾರ್ಡ್ಲಿ’ ಅದಕ್ಕೂ ಮುಂಚೆ, ‘ಶಿ ಹಾರ್ಡ್ಲಿ ವರ್ಕ್ಸ್’. ‘ಕ್ಯಾನ್’ ಇದ್ದರೆ ಅದರ ಬೆನ್ನಿಗೆ: ಫೋನ್ ಸರಿಯಾಗಿ ಕೇಳಿಸದಿದ್ದರೆ ‘ಐ ಕ್ಯಾನ್ ಹಾರ್ಡ್ಲಿ ಹಿಯರ್ ಯು’. ‘ಲೇಟ್’ ಕೂಡ ಹೀಗೇ. ‘ಲೇಟ್ಲಿ’ ಅಂದರೆ ತಡವಾಗಿ ಅಂತಲ್ಲ, ಇತ್ತೀಚೆಗೆ ಅಂತ. ಎಲ್ಲ ಕೇಳಿದ ಮಗ, "ಅಮ್ಮಾ, ನಿಂಗೆ ಇಷ್ಟೆಲ್ಲ ಗೊತ್ತಿತ್ತಲ್ಲ, ಅಲ್ಲೇ ಯಾಕೆ ಹೇಳಲಿಲ್ಲ?" ಅಂದ.

ಎಲ್ಲರೆದುರು ತಿದ್ದಿದರೆ ಅವರಿಗೆ ಅವಮಾನವಾಗುತ್ತೆ ಅಂದೆ. ಹೇಳುವಾಗಲೇ ನನಗೆ ಅದು ನೆಪ ಅನ್ನಿಸಿತು. ತಿದ್ದಬೇಕಾಗಿಯೇ ಇರಲಿಲ್ಲವಲ್ಲ. "ಮೇಡಂ, ಮಗು ತುಂಬಾ ಓದುತ್ತೆ ಅಂತ ಹೇಳ್ತಿದ್ದಾರೆ ಅವರು" ಅಂತ ಕನ್ನಡದಲ್ಲಿ ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಓದದ ಮಗುವಿಗೆ ಗದರಬಹುದು. ರಾತ್ರಿ ಹತ್ತೂವರೆವರೆಗೆ ಓದಿಯೂ 17 ತೆಗೆದ ಮಗುವಿಗೆ ಗದರಿದರೆ ಅದು ಗಣಿತವನ್ನೇ ಬಿಟ್ಟುಬಿಡುತ್ತದೆ.

ಟೀಚರ್ ಕೆಟ್ಟವರಲ್ಲ. ಒಂದೇ ಬೆಳಗ್ಗೆ ನಲವತ್ತು ಜನ ತಂದೆತಾಯಿಯರ ಜೊತೆ ಮಾತಾಡಬೇಕು. ಕನ್ನಡವೂ ಚೆನ್ನಾಗಿ ಬರುತ್ತದೆ, ಗೇಟಿನ ಹೂವಿನವರ ಜೊತೆ ಹರಟುವುದನ್ನು ನಾನೇ ನೋಡಿದ್ದೇನೆ. ಆದರೆ ಶಾಲೆಯ ಒಳಗೆ ಇಂಗ್ಲಿಷಿನಲ್ಲೇ ಮಾತಾಡಬೇಕು ಅಂತ ಗೋಡೆಯ ಮೇಲೆ ಬೋರ್ಡು ಹಾಕಿದ್ದಾರೆ. ಮಕ್ಕಳಿಗೆ ಸರಿ. ತಾಯಂದಿರಿಗೂ ಯಾಕೆ? ಮಗುವಿನ ವಿಷಯ ಮಾತಾಡಲು ಬಂದವರು ಪರೀಕ್ಷೆಗೆ ಕೂತವರ ಹಾಗೆ ಬೆವರಬೇಕೇ?

ಬುಧವಾರ ಮಗನನ್ನು ಬಿಡಲು ಹೋದಾಗ ಧೈರ್ಯ ಮಾಡಿ ಸ್ಟಾಫ್ ರೂಮಿಗೆ ಹೋದೆ. ಎಲ್ಲ ಹೇಳಿದೆ, ಗೇಟಿನ ಹತ್ತಿರದ ಫೋನಿನ ಮಾತೂ ಸೇರಿಸಿ. ಟೀಚರ್ "ಅಯ್ಯೋ ದೇವರೇ" ಅಂದವರೇ ಸಹಿಯಾಗಿ ವಾಪಸ್ ಬಂದಿದ್ದ ಕಾರ್ಡುಗಳ ಕಟ್ಟು ಬಿಚ್ಚಿದರು. ಆ ಹುಡುಗಿಯದ್ದು ಕೆಳಗಿತ್ತು. ರಿಮಾರ್ಕ್ಸ್ ಅಂತ ಇದ್ದ ಕಡೆ ಕೆಂಪು ಇಂಕಿನಲ್ಲಿ ‘ಹಾರ್ಡ್ಲಿ ಸ್ಟಡೀಸ್ ಅಟ್ ಹೋಮ್’. ಅದರ ಕೆಳಗೆ ಕನ್ನಡದಲ್ಲಿ, ದುಂಡಗೆ, ಒಂದಕ್ಷರವೂ ಓರೆಯಾಗದ ತಾಯಿಯ ಸಹಿ.

ಟೀಚರ್ ಡ್ರಾಯರಿನಿಂದ ಸ್ಕೇಲ್ ತೆಗೆದರು. ಆ ಸಾಲಿನ ಮೇಲೆ ಅದನ್ನಿಟ್ಟು, ಸಹಿಗೆ ತಾಗದ ಹಾಗೆ ನಿಧಾನವಾಗಿ ಗೆರೆ ಎಳೆದರು.