ಟೊಲೆಡೊದ ಸಿನಗಾಗ್, ಕಾಲಾತ್ರಾವಾದ ಚರ್ಚು

ಮ್ಯಾಡ್ರಿಡ್‌ನಲ್ಲಿ ನೆಲೆಸಿರುವ ನಮ್ಮ ಮನೆಗೆ ಊರಿನಿಂದ ಯಾರೇ ಬಂದರೂ, ರೈಲಿನಲ್ಲಿ ಅರ್ಧ ಗಂಟೆಯ ದಾರಿಯಾದ ಟೊಲೆಡೊಗೆ ಕರೆದೊಯ್ಯುವುದು ವಾಡಿಕೆ. ಬಂದವರ ಕಣ್ಣು ಅಲ್ಲಿನ ಕೆಥೆಡ್ರಲ್ ಮೇಲಿದ್ದರೆ, ನನ್ನ ಮನಸ್ಸು ಹಳೆಯ ಯಹೂದಿ ಕೇರಿಯಲ್ಲಿರುವ ಎಲ್ ಟ್ರಾನ್ಸಿಟೊ ಎಂಬ ಸಿನಗಾಗ್‌ನತ್ತ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದತ್ತ, ಎಳೆಯುತ್ತದೆ.

ಇದನ್ನು 1357ರ ಸುಮಾರಿಗೆ ಕಟ್ಟಿಸಿದವನು ಸ್ಯಾಮ್ಯುಯೆಲ್ ಹಾ-ಲೇವಿ. ಈಗಿನ ಸ್ಪೇನಿನ ಭಾಗವಾದ ಕ್ಯಾಸ್ಟೀಲ್ ರಾಜ್ಯದ ದೊರೆ ಒಂದನೆಯ ಪೆದ್ರೋನ ಬೊಕ್ಕಸವನ್ನು ನೋಡಿಕೊಳ್ಳುತ್ತಿದ್ದ ಯಹೂದಿ. ರಾಜಾಜ್ಞೆಯಿಲ್ಲದೆ ಹೊಸ ಸಿನಗಾಗ್ ಕಟ್ಟಕೂಡದು, ಹಳೆಯದನ್ನು ದುರಸ್ತಿ ಮಾಡುವಾಗಲೂ ಎತ್ತರಿಸಕೂಡದು, ಬಣ್ಣ ಬಳಿಯಕೂಡದು ಎಂಬ ಕಾನೂನು ಆ ರಾಜ್ಯದಲ್ಲಿ ಬರಹದಲ್ಲಿದ್ದ ಕಾಲವದು. ಹೊರಗಿನಿಂದ ನೋಡಿದರೆ ಸಾದಾ ಇಟ್ಟಿಗೆಯ ಗೋಡೆ. ಒಳಗೆ ಕಾಲಿಟ್ಟರೆ ಆ ಕಾನೂನು ಯಾರಿಗಾಗಿ ಇತ್ತೋ ಎಂದು ಅಚ್ಚರಿಯಾಗುತ್ತದೆ. ಸುಮಾರು 23 ಮೀಟರ್ ಉದ್ದದ ಆ ಸಭಾಂಗಣದ ಮೇಲ್ಗೋಡೆಗಳ ತುಂಬ ಮುಸ್ಲಿಂ ಶೈಲಿಯ ಗಾರೆ ಕೆತ್ತನೆಯಿದೆ. ಬಳ್ಳಿ ಎಲೆಗಳ ನಡುವೆ ಕ್ಯಾಸ್ಟೀಲಿನ ಕೋಟೆ, ಅದೇ ದೊರೆಯ ಇನ್ನೊಂದು ರಾಜ್ಯವಾದ ಲಿಯೋನಿನ ಸಿಂಹದ ಲಾಂಛನಗಳು. ಅಂಚಿನುದ್ದಕ್ಕೂ ಹೀಬ್ರೂ ಕೀರ್ತನೆಗಳ ಸಾಲುಗಳು. ಅಲ್ಲಲ್ಲಿ ಅರಬ್ಬಿ ಬರಹವೂ ಇಣುಕುತ್ತದೆ. ಒಂದು ಬದಿಯ ಮಹಡಿಯಲ್ಲಿ ಹೆಂಗಸರು ಕೂರುತ್ತಿದ್ದರು.

ಪೂರ್ವದ ಗೋಡೆಯಲ್ಲಿ ಯಹೂದಿಗಳ ಧರ್ಮಗ್ರಂಥವಾದ ತೋರಾದ ಸುರುಳಿಗಳನ್ನು ಇರಿಸುತ್ತಿದ್ದ ಕಮಾನುಗೂಡಿದೆ. ಅದರ ಅಕ್ಕಪಕ್ಕದ ಹೀಬ್ರೂ ಶಾಸನಗಳು ದೊರೆಯನ್ನೂ ಅವನ ಭಂಡಾರಿಯನ್ನೂ ಹೊಗಳುತ್ತವೆ. ಕಟ್ಟಡ ಮುಗಿದು ಕೆಲವೇ ವರ್ಷಗಳಲ್ಲಿ ಅದೇ ಪೆದ್ರೋ ಸ್ಯಾಮ್ಯುಯೆಲ್‌ನನ್ನು ಸೆರೆ ಹಿಡಿಸಿ, ಆಸ್ತಿ ಮುಟ್ಟುಗೋಲು ಹಾಕಿಕೊಂಡ. ಸೆವಿಲ್ಲಾದಲ್ಲಿ ಚಿತ್ರಹಿಂಸೆಗೊಳಗಾಗಿ ಆತ ಸತ್ತ. ಹೊಗಳಿಕೆಯ ಸಾಲುಗಳನ್ನು ಮಾತ್ರ ಯಾರೂ ಅಳಿಸಲಿಲ್ಲ.

1492ರಲ್ಲಿ ಯಹೂದಿಗಳನ್ನು ಸ್ಪೇನಿನಿಂದ ಹೊರಗಟ್ಟಿದ ಬಳಿಕ, 1494ರಲ್ಲಿ ಈ ಕಟ್ಟಡ ಕಾಲಾತ್ರಾವಾ ಎಂಬ ಯೋಧ-ಸನ್ಯಾಸಿಗಳ ಪಂಥದ ಪಾಲಾಗಿ ಸಂತ ಬೆನೆಡಿಕ್ಟನ ಹೆಸರಿನ ಚರ್ಚಾಯಿತು. ಹೆಂಗಸರ ಮಹಡಿ ಪಂಥದ ದಸ್ತಾವೇಜುಗಳ ಕೋಣೆಯಾಯಿತು, ನೆಲದಡಿ ಯೋಧರ ಸಮಾಧಿಗಳು ಬಂದವು. ಯೇಸುವಿನ ತಾಯಿ ಮೇರಿಯ ಅವಸಾನವನ್ನು, ಸ್ಪ್ಯಾನಿಷ್‌ನಲ್ಲಿ ‘ಟ್ರಾನ್ಸಿಟೊ’ವನ್ನು, ಚಿತ್ರಿಸಿದ ಪಟದಿಂದ ಈಗಿನ ಹೆಸರು ಬಂದಿತು. ನೆಪೋಲಿಯನ್ನನ ಯುದ್ಧಕಾಲದಲ್ಲಿ ಸೈನಿಕರ ಬಿಡಾರವೂ ಆಗಿದ್ದ ಇದು 1877ರಲ್ಲಿ ರಾಷ್ಟ್ರೀಯ ಸ್ಮಾರಕವಾಯಿತು. ಈಗ ಸರ್ಕಾರದ ಸೆಫಾರ್ಡಿ, ಅಂದರೆ ಸ್ಪೇನ್ ಮೂಲದ ಯಹೂದಿಗಳ, ವಸ್ತುಸಂಗ್ರಹಾಲಯ ಇಲ್ಲಿದೆ. ಚರ್ಚಾದುದರಿಂದಲೇ ಕಟ್ಟಡ ಉಳಿಯಿತು ಎನ್ನುವವರಿದ್ದಾರೆ. ಆ ಮಾತಿನಲ್ಲಿ ನಿಜವಿದೆ, ಆದರೆ 1492ನ್ನು ಬದಿಗಿಟ್ಟು ಅದನ್ನು ಹೇಳಬಾರದು.

ಇಲ್ಲಿಂದ ಕೆಲವೇ ನಿಮಿಷಗಳ ನಡಿಗೆಯಲ್ಲಿ ಸಾಂತಾ ಮರಿಯಾ ಲಾ ಬ್ಲಾಂಕಾ ಇದೆ. ಬಿಳಿಯ ಕುದುರೆಲಾಳದ ಕಮಾನುಗಳ ಆ ಇನ್ನೂ ಹಳೆಯ ಸಿನಗಾಗ್, ಹೊರಗಟ್ಟುವಿಕೆಗೂ ಮುನ್ನ, ಹದಿನೈದನೆಯ ಶತಮಾನದ ಆರಂಭದಲ್ಲೇ ಚರ್ಚಾಗಿತ್ತು. ಅದನ್ನು ಮರಳಿಸಬೇಕೆಂದು ಸ್ಪೇನಿನ ಯಹೂದಿ ಸಮುದಾಯ ಕೇಳಿದ್ದುಂಟು. ಒಡೆತನ ಮಾತ್ರ ಇಂದಿಗೂ ಕ್ಯಾಥೊಲಿಕ್ ಚರ್ಚಿನದೇ. ಟಿಕೆಟ್ಟಿನ ಹಣ ಸೇರುವುದೂ ಅಲ್ಲಿಗೇ.