ಮಳೆಗಾಲದ ಸಿಂಬಿ

ಕಾಸರಗೋಡಿನಲ್ಲಿ ಕೂತು ಉಲ್ಲನ್ ಹೆಣೆಯುವವರನ್ನು ಕಂಡರೆ ಜನ ನಗುತ್ತಾರೆ. ನಗಬೇಕಾದ್ದೇ. ಹೆಗಲ ಮೇಲೆ ಒಂದು ಬೈರಾಸು ಇದ್ದರೂ ಸೆಕೆ ಅನ್ನುವ ಊರು ನಮ್ಮದು. ಆದರೆ ಅಣ್ಣನ ಮಗಳು ಓದಲಿಕ್ಕೆ ಕೆನಡಾದ ಕ್ಯಾಲ್ಗರಿಗೆ ಹೊರಟಿದ್ದಳು. ಅಲ್ಲಿ ಚಳಿಗಾಲಕ್ಕೆ ಮೈನಸ್ 20, ಕೆಲವು ದಿನ ಅದಕ್ಕಿಂತಲೂ ಕೆಳಗೆ. ಕುತ್ತಿಗೆಗೆ ಹಾಕಿಕೊಳ್ಳುವ ಕೌಲ್ ಒಂದನ್ನು ನಾನೇ ಹೆಣೆದು ಕೊಡುತ್ತೇನೆ ಎಂದು ಬಾಯಿ ಬಿಟ್ಟೆ. ಅದೂ ಸುಮ್ನೆ ಕೌಲ್ ಅಲ್ಲ. ಡಬಲ್ ನಿಟ್ಟಿಂಗ್. ಎರಡು ಬಣ್ಣ, ಎರಡೂ ಕಡೆ ತಿರುಗಿಸಿ ಹಾಕಬಹುದು, ಒಳಗು ಹೊರಗು ಎಂಬುದೇ ಇಲ್ಲ.

ಮಂಗಳೂರಿನಿಂದ ಕೆನೆ ಬಣ್ಣದ್ದು, ಪಾಚಿ ಹಸಿರಿನದ್ದು ಉಲ್ಲನ್ ತಂದೆ. ಒಂದೇ ಕಡ್ಡಿಯ ಮೇಲೆ ಎರಡು ಬಟ್ಟೆ ಒಟ್ಟಿಗೇ ಬೆಳೆಯುತ್ತವೆ, ಆದ್ದರಿಂದ ಉಲ್ಲನ್ನೂ ಎರಡು ಪಾಲು ಬೇಕು. 112 ಜೋಡಿ, ಅಂದರೆ 224 ಕುಣಿಕೆ. ಜೋಡಿಯಲ್ಲಿ ಮೊದಲನೆಯದು ಎದುರಿನ ಬಟ್ಟೆಯದ್ದು, ಎರಡನೆಯದು ಹಿಂದಿನ ಬಟ್ಟೆಯದ್ದು. ಎರಡೂ ನೂಲು ಹಿಂದಕ್ಕೆ, ಕೆನೆಯಲ್ಲಿ ಒಂದು ನಿಟ್, ಅಂದರೆ ಸೀದಾ ಕುಣಿಕೆ. ಎರಡೂ ನೂಲು ಮುಂದಕ್ಕೆ, ಹಸಿರಿನಲ್ಲಿ ಒಂದು ಪರ್ಲ್, ಅಂದರೆ ಉಲ್ಟಾ ಕುಣಿಕೆ. ಇಷ್ಟೇ. ಚಿತ್ರ ಬರಬೇಕಾದ ಕಡೆ ಬಣ್ಣ ಅದಲುಬದಲು, ಹಸಿರಿನಲ್ಲಿ ನಿಟ್, ಕೆನೆಯಲ್ಲಿ ಪರ್ಲ್. ಹಾಗೆ ಬಣ್ಣ ದಾಟುವ ಜಾಗದಲ್ಲಿ ಮಾತ್ರ ಎರಡು ಬಟ್ಟೆಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಉಳಿದ ಕಡೆ ನಡುವೆ ಬೆರಳು ತೂರಿಸಬಹುದು, ಜೇಬಿನ ಹಾಗೆ. ಆ ಸಂದಿನಲ್ಲಿ ಸಿಕ್ಕಿಕೊಂಡ ಗಾಳಿಯೇ ಬೆಚ್ಚಗಿಡುವುದು.

ಅವಳ ಹೆಸರಿನ ಮೊದಲ ಅಕ್ಷರ ಹಾಕುವ ಆಸೆ ಇತ್ತು. ಆದರೆ ಈ ಹೆಣಿಗೆಯಲ್ಲಿ ಆಚೆ ಬದಿಗೆ ಎಲ್ಲವೂ ಕನ್ನಡಿಯಲ್ಲಿ ಕಂಡ ಹಾಗೆ ಬರುತ್ತದೆ. ಎರಡೂ ಕಡೆ ಸರಿಯಾಗಿ ಓದಬೇಕಾದರೆ ಎರಡು ಬದಿಗೆ ಬೇರೆ ಬೇರೆ ನಕ್ಷೆ ಬರೆದುಕೊಂಡು ಹೆಣೆಯಬೇಕು. ಅಷ್ಟು ತಾಳ್ಮೆ ನನ್ನಲ್ಲಿಲ್ಲ. ಕೊನೆಗೆ ಗೇರುಬೀಜ ಹಾಕಿದೆ. 16 ಜೋಡಿಗೆ ಒಂದರಂತೆ ಸುತ್ತಲೂ ಏಳು. ಗೇರುಬೀಜ ಎಡಕ್ಕೆ ಬಾಗಿದರೂ ಬಲಕ್ಕೆ ಬಾಗಿದರೂ ಗೇರುಬೀಜವೇ, ಅಲ್ವಾ?

ಅಮ್ಮ ನಾಲ್ಕು ದಿನ ನೋಡಿದಳು. ಐದನೇ ದಿನ, "ಎಂಥ ಇದು, ಸಿಂಬಿಯಾ?" ಎಂದಳು. ಕೊಡ ಹೊರುವಾಗ ತಲೆಗೆ ಇಟ್ಟುಕೊಳ್ಳುವ ಸಿಂಬಿ. ಅಲ್ಲಿಂದ ಮನೆಯಲ್ಲಿ ಎಲ್ಲರೂ ಅದನ್ನು ಸಿಂಬಿ ಎಂದೇ ಕರೆದರು.

ನಾನು ಹೇಳಹೊರಟದ್ದು ಜುಲೈಯ ಒಂದು ದಿನದ್ದು. ವಾರದಿಂದ ಬಿಡದೆ ಹೊಡೆದ ಮಳೆ ಆ ಬೆಳಿಗ್ಗೆ ನಿಂತಿತ್ತು. ಬದಿಯಡ್ಕದ ಕಡೆ ಅಡಿಕೆ ತೋಟ ಇದ್ದವರಿಗೆ ಇಂಥ ಹೊಳವು ಎಂದರೆ ಏನೆಂದು ಗೊತ್ತು. ಕೊಳೆರೋಗ ಬರುವ ಮೊದಲು ಮದ್ದು ಬಿಡಬೇಕು. ಏಳು ಗಂಟೆಗೇ ನಾಲ್ಕು ಜನ ಬಂದರು. ಅಂಗಳದಲ್ಲಿ ಡ್ರಮ್ಮಿಟ್ಟು 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣದ ಲೆಕ್ಕದಲ್ಲಿ ಬೋರ್ಡೋ ಮದ್ದು ಕಲಸಿದರು. ನನಗೆ ಚಹಾ, ಹತ್ತು ಗಂಟೆಗೆ ಅವಲಕ್ಕಿ, ಮಧ್ಯಾಹ್ನ ಊಟದ ಕೆಲಸ. ನಡುನಡುವೆ ಜಗಲಿಗೆ ಬಂದು ಅರ್ಧ ಸುತ್ತು ಹೆಣೆಯುವುದು, ಕುಕ್ಕರ್ ಕೂಗಿದರೆ ಎದ್ದು ಓಡುವುದು.

ಉಲ್ಲನ್ ಉಂಡೆಗಳನ್ನು ಹಳೆಯ ಎರಡು ಉಪ್ಪಿನಕಾಯಿ ಭರಣಿಯಲ್ಲಿ ಹಾಕಿಟ್ಟಿದ್ದೆ. ಡಬಲ್ ನಿಟ್ಟಿಂಗಿನಲ್ಲಿ ಎರಡು ನೂಲೂ ಹಿಂದೆ ಮುಂದೆ ಹೋಗಿ ಹೋಗಿ ಹಗ್ಗದ ಹಾಗೆ ಹುರಿಗೊಳ್ಳುತ್ತವೆ. ಅವತ್ತು ಒಂದು ಮೊಳ ಹುರಿಯಾಗಿತ್ತು. ನಾನು ಭರಣಿಗಳ ಜಾಗ ಬದಲಿಸುತ್ತಾ, ಗೊಣಗುತ್ತಾ ಕೂತಿದ್ದಾಗ, ಚಹಾಕ್ಕೆ ಬಂದ ಒಬ್ಬರು ಮೆಟ್ಟಿಲಲ್ಲಿ ನಿಂತು "ದಾದ ಅಕ್ಕಾ ಉಂದು?" ಎಂದರು, ಇದೇನಕ್ಕಾ ಎಂದು ತುಳುವಿನಲ್ಲಿ. ಮರ ಹತ್ತುವವರು, ಅರ್ಧ ಆಯುಷ್ಯ ಹಗ್ಗದಲ್ಲೇ ಕಳೆದವರು. ಕೈ ತುಂಬ ನೀಲಿ. "ಮುಟ್ಟಬೇಡಿ ಮಾರಾಯ್ರೆ" ಎಂದೆ. ಅವರು ಮುಟ್ಟಲಿಲ್ಲ. ಭರಣಿ ಅಲ್ಲೇ ಇರಲಿ, ಕಡ್ಡಿಯನ್ನೇ ನೇತುಹಾಕಿ ತಿರುಗಲು ಬಿಡಿ ಎಂದರು. ಕುಣಿಕೆ ಜಾರದಂತೆ ಕಡ್ಡಿಯ ಎರಡು ತುದಿಗೂ ರಬ್ಬರ್ ಸುತ್ತಿ ಕೈ ಎತ್ತಿ ಹಿಡಿದೆ. ಸಿಂಬಿ ಗಿರಗಿರ ತಿರುಗಿ ಹುರಿ ತಾನೇ ಬಿಚ್ಚಿತು. ಮೂರು ವಾರ ನನಗೆ ಹೊಳೆಯದ ಉಪಾಯ.

ಸಂಜೆ ಎಲ್ಲರೂ ಹೋದ ಮೇಲೆ ಸಿಂಬಿಯ ಒಳಗನ್ನು ಹೊರಗೆ ಮಾಡಿ ನೋಡಿದೆ. ಹಸಿರು ಬದಿಯಲ್ಲಿ, ಒಂಬತ್ತು ಸುತ್ತು ಕೆಳಗೆ, ಅಡ್ಡಕ್ಕೆ ಒಂದು ಬಿಳಿ ಗೀರು. ಥೇಟ್ ಅಕ್ಕಿಕಾಳು. ಕುಕ್ಕರ್ ಕೂಗಿದಾಗಲೋ ಏನೋ, ಹಸಿರು ನೂಲನ್ನು ಮಾತ್ರ ಮುಂದೆ ತಂದು ಕೆನೆಯನ್ನು ಹಿಂದೆಯೇ ಬಿಟ್ಟು ಪರ್ಲ್ ಹಾಕಿದ್ದೆ. ಎರಡು ಬಟ್ಟೆಯ ನಡುವೆ ಅಡಗಬೇಕಾದ ನೂಲು ಆಚೆ ಮುಖದ ಮೇಲೆ ಹಾದು ಹೋಗಿತ್ತು.

ಒಂಬತ್ತು ಸುತ್ತು ಬಿಚ್ಚುವುದೆಂದರೆ ಎರಡು ಸಾವಿರ ಕುಣಿಕೆ. ಅಳು ಬಂತು. ಅಷ್ಟರಲ್ಲಿ ಕರೆಂಟೂ ಹೋಯಿತು.

ಚಿಮಣಿ ದೀಪ ಹಚ್ಚಿ, ಆ ಗೀರಿನ ನೇರ ಮೇಲಿದ್ದ ಹಸಿರು ಕುಣಿಕೆ ಒಂದನ್ನೇ ಕಡ್ಡಿಯಿಂದ ಜಾರಿಸಿದೆ. ಬೇಕೆಂದೇ ಕುಣಿಕೆ ಬೀಳಿಸಲಿಕ್ಕೆ ಧೈರ್ಯ ಬೇಕು. ಬೆರಳಿನಿಂದ ಮೆಲ್ಲ ಎಳೆದಂತೆ ಒಂದೊಂದೇ ಮೆಟ್ಟಿಲು ಬಿಚ್ಚುತ್ತಾ ಕೆಳಗಿಳಿಯಿತು, ಪುಟ್ಟ ಏಣಿಯ ಹಾಗೆ. ಎದುರಿನ ಕೆನೆ ಬಟ್ಟೆ ಅಲುಗಲಿಲ್ಲ. ಅಕ್ಕಿಕಾಳಿನ ತನಕ ಇಳಿದ ಮೇಲೆ ಆ ಬಿಳಿ ಎಳೆಯನ್ನು ಕ್ರೋಶಾ ಕಡ್ಡಿಯಿಂದ ಒಳಕ್ಕೆ, ಎರಡು ಬಟ್ಟೆಗಳ ಸಂದಿಗೆ ನೂಕಿದೆ. ಆಮೇಲೆ ಹಸಿರು ಮೆಟ್ಟಿಲುಗಳನ್ನು ಕೆಳಗಿನಿಂದ ಒಂದೊಂದಾಗಿ ಕುಣಿಕೆಯೊಳಗಿಂದ ಎಳೆದುಕೊಳ್ಳುತ್ತಾ ಮೇಲೆ ಬಂದೆ. ಒಂಬತ್ತು. ಅಮ್ಮ ಟಾರ್ಚ್ ಹಿಡಿದು ನಿಂತಿದ್ದಳು. ಉಸಿರಾಡದೆ ನಿಂತಿದ್ದಳು ಎಂದು ಆಮೇಲೆ ಅವಳೇ ಹೇಳಿದ್ದು.

ಆ ಸಾಲು ಸ್ವಲ್ಪ ಸಡಿಲ ಕಂಡಿತು. ನೀರಿಗೆ ಹಾಕಿ ಹರಡಿ ಒಣಗಿಸಿದ ಮೇಲೆ ಸರಿಹೋಯಿತು. ಒಣಗಲು ಆರು ದಿನ ಹಿಡಿಯಿತು. ಜುಲೈಯಲ್ಲಿ ನಮ್ಮಲ್ಲಿ ಕರವಸ್ತ್ರವೇ ಒಣಗುವುದಿಲ್ಲ. ಕೊನೆಗೆ ಒಲೆಯ ಮೇಲಿನ ಅಟ್ಟದಲ್ಲಿ, ತೆಂಗಿನಕಾಯಿಗಳ ಪಕ್ಕ ಹರಡಿದ್ದೆ.

ಹೊರಡುವ ಮುನ್ನಾದಿನ ಹುಡುಗಿ ಬಂದು ಹಾಕಿ ನೋಡಿದಳು. ಎರಡೇ ನಿಮಿಷಕ್ಕೆ ಬೆವರಿ ತೆಗೆದಳು. ಮೂಗಿಗೆ ಹಿಡಿದು, "ಅತ್ತೆ, ಇದಕ್ಕೆ ಬಚ್ಚಲು ಒಲೆಯ ವಾಸನೆ" ಎಂದಳು. ಯಾವ ಬದಿ ಹೊರಗೆ ಹಾಕುವುದು ಎಂದು ಕೇಳಿದಳು. ಯಾವುದಾದರೂ ಆಗುತ್ತದೆ, ಅದಕ್ಕೇ ಅಲ್ವಾ ಇಷ್ಟು ಒದ್ದಾಡಿದ್ದು ಎಂದು ನಾನು ಶುರುಮಾಡುವಷ್ಟರಲ್ಲಿ ಅಮ್ಮ ಒಳಗಿನಿಂದಲೇ ತೀರ್ಪು ಕೊಟ್ಟಳು:

"ಹಸಿರು ಹೊರಗೆ ಹಾಕು. ಕೊಳೆ ಕಾಣುವುದಿಲ್ಲ."