ಭಾನುವಾರದ ಹುಳದ ಲೆಕ್ಕ: ಐದನೇ ವಾರ

ಕಳೆದ ಸಲ ಬರೆದಾಗ ಡಬ್ಬಿ ಮಾತ್ರ ರೆಡಿ ಆಗಿತ್ತು. ಈಗ ಹೇಳಲಿಕ್ಕೆ ಸ್ವಲ್ಪ ಜಾಸ್ತಿ ಉಂಟು.

ಗೊತ್ತಿಲ್ಲದವರಿಗೆ: ಉಡುಪಿಯ ನಮ್ಮ ಮನೆ ಜಗಲಿಯಲ್ಲಿ ಭಾನುವಾರ ಬೆಳಿಗ್ಗೆ ಅಕ್ಕಪಕ್ಕದ ಆರು ಮಕ್ಕಳು ಸೇರುತ್ತಾರೆ. ಹೂಕುಂಡದ ಅಡಿಯಲ್ಲಿ, ಕೊಳೆತ ತೆಂಗಿನ ಸಿಪ್ಪೆಯಲ್ಲಿ ಒಂದು ಬೂದು ಬಣ್ಣದ ಸಣ್ಣ ಹುಳ ಇರುತ್ತದಲ್ಲ, ಮುಟ್ಟಿದರೆ ಉಂಡೆಯಾಗುವುದು, ಇಂಗ್ಲಿಷಿನಲ್ಲಿ ಪಿಲ್ ಬಗ್ ಅಂತಾರೆ? ಅದು ಒದ್ದೆ ಜಾಗದಲ್ಲಿ ಏನು ಮಾಡುತ್ತದೆ, ಒಣ ಜಾಗದಲ್ಲಿ ಏನು ಮಾಡುತ್ತದೆ ಅಂತ ನೋಡುವುದು ನಮ್ಮ ಕೆಲಸ.

ಮೊದಲ ಗಲಾಟೆ ಹುಳ ಯಾವುದು ಎಂಬುದರಲ್ಲೇ. ಒಬ್ಬ ಗೋಲಿಯಷ್ಟು ದೊಡ್ಡ ಉಂಡೆ ತಂದ. ಅದು ಗುಂಡು ಚೋರಟೆ, ಅಂದರೆ ಉಂಡೆಯಾಗುವ ಸಹಸ್ರಪದಿ. ಕಾಲು ಎಣಿಸಿದರೆ ಗೊತ್ತಾಗುತ್ತದೆ: ನಮ್ಮ ಹುಳಕ್ಕೆ 7 ಜೊತೆ, ಚೋರಟೆಗೆ ಅದಕ್ಕಿಂತ ಎಷ್ಟೋ ಜಾಸ್ತಿ. ನಮ್ಮದು ಕೀಟವೂ ಅಲ್ಲ, ಸಿಗಡಿ, ಏಡಿಗಳ ನೆಂಟ ಎಂದೆ. ಮಲ್ಪೆಯಲ್ಲಿ ಅಜ್ಜಿಮನೆ ಇರುವ ಹುಡುಗಿ ತಕ್ಷಣ, "ಹಾಗಾದ್ರೆ ಸುಕ್ಕ ಮಾಡ್ಬಹುದಾ ಅಕ್ಕಾ?" ಅಂದಳು. ಆದರೆ ಆ ನೆಂಟಸ್ತಿಕೆಯಲ್ಲೇ ವಿಷಯ ಇರುವುದು. ಇವು ಉಸಿರಾಡುವುದು ಹೊಟ್ಟೆಯಡಿಯ ಕಿವಿರಿನಂಥ ಅಂಗದಿಂದ. ಅದು ಒದ್ದೆಯಾಗಿಯೇ ಇರಬೇಕು. ಮೈಯ ನೀರು ಆರದಂತೆ ತಡೆಯುವ ಮೇಣದ ಪದರವೂ ಇಲ್ಲ. ಒಣಗಾಳಿಯಲ್ಲಿ ಬೇಗ ಸೊರಗುತ್ತವೆ.

ಡಬ್ಬಿ ಅಂದರೆ ಹೋಟೆಲಿನ ಪಾರ್ಸೆಲ್ ಡಬ್ಬಿ. ಕೆಳಗೆ ಎರಡು ಪಾಲು, ಒಂದರಲ್ಲಿ ಒದ್ದೆ ಹತ್ತಿ, ಇನ್ನೊಂದರಲ್ಲಿ ಒಣ ಹತ್ತಿ. ಮೇಲೆ ಸೊಳ್ಳೆಪರದೆಯ ತುಂಡು ಬಿಗಿದು ಅದರ ಮೇಲೆ ಹುಳ ಬಿಡುವುದು. ನಿಮಿಷಕ್ಕೊಮ್ಮೆ ಎಣಿಕೆ.

ಒಣ ಅಂತ ಹೆಸರಷ್ಟೇ. ಜುಲೈ ತಿಂಗಳ ಉಡುಪಿಯಲ್ಲಿ ಒಣ ಎಲ್ಲಿಂದ ತರುವುದು! ಒಗೆದ ಬಟ್ಟೆಯೇ ಮೂರು ದಿನ ಒಣಗುವುದಿಲ್ಲ. ಎರಡು ವಾರ 10 ಹುಳದಲ್ಲಿ 5 ಆಚೆ, 5 ಈಚೆ, ಇಲ್ಲವೇ 6-4. ಮಕ್ಕಳಿಗೆ ಬೇಜಾರು. ಉಪ್ಪಿನ ಡಬ್ಬಿಗೆ ಹಾಕುವ ಹಾಗೆ ಹುರಿದ ಅಕ್ಕಿ ಹಾಕಿ ನೋಡಿದೆವು, ಅಂಥ ವ್ಯತ್ಯಾಸ ಕಾಣಲಿಲ್ಲ. ಕೊನೆಗೆ ಶೂ ಡಬ್ಬಿಗಳಲ್ಲಿ ಬರುವ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಒಟ್ಟುಮಾಡಿ ಒಣ ಕಡೆ ಪರದೆಯ ಕೆಳಗೆ ಇಟ್ಟೆವು. ಹತ್ತನೇ ನಿಮಿಷಕ್ಕೆ 9 ಹುಳ ಒದ್ದೆ ಕಡೆ!

ಎಲ್ಲರ ಪುಸ್ತಕದಲ್ಲೂ ಒಂದೇ ವಾಕ್ಯ: "ಹುಳಕ್ಕೆ ನೀರು ಇಷ್ಟ." ನಮ್ಮಲ್ಲಿ "ಇಷ್ಟ" ಅಂತ ಬರೆಯುವ ಹಾಗಿಲ್ಲ, ಕಂಡದ್ದು ಮಾತ್ರ ಬರೆಯಬೇಕು. ಸರಿ, ಮತ್ತೆ ನೋಡಿ ಎಂದೆ. ನಾನು ಕಾಯುತ್ತಿದ್ದದ್ದು "ಒದ್ದೆ ಕಡೆಗೆ ಹೋದವು" ಎಂಬ ಉತ್ತರಕ್ಕೆ. ಆರನೇ ಕ್ಲಾಸಿನವಳು ಒಬ್ಬಳು ಬೇರೆಯೇ ಬರೆದಳು: "ಒಣ ಕಡೆ ಓಡುತ್ತಿವೆ. ಒದ್ದೆ ಕಡೆ ಸುಮ್ನೆ ಕೂತಿವೆ."

ನಾನು ಅಷ್ಟು ಸರಿಯಾಗಿ ನೋಡಿರಲೇ ಇಲ್ಲ. ಅವಳ ಮಾತು ನಿಜವಾದರೆ ಹುಳ ಒದ್ದೆಯನ್ನು ಹುಡುಕಿಕೊಂಡು ಹೋಗಬೇಕಾಗಿಯೇ ಇಲ್ಲ, ಅಲ್ವಾ? ಗೊತ್ತುಗುರಿ ಇಲ್ಲದೆ ಓಡಿದರೂ ಸಾಕು, ಒದ್ದೆ ಸಿಕ್ಕಲ್ಲಿ ಓಟ ನಿಧಾನ ಆಗುತ್ತದೆ, ಕೊನೆಗೆ ಅಲ್ಲೇ ಜಾಸ್ತಿ ಹುಳ ಸೇರಿರುತ್ತವೆ. ಕಳೆದ ವಾರ ಅಳೆದೆವು. ಇಡೀ ಡಬ್ಬಿ ಒಮ್ಮೆ ಒದ್ದೆ, ಒಮ್ಮೆ ಒಣ. ಒಂದೇ ಹುಳ. ಅದು ಹೋದ ದಾರಿಯನ್ನು ಮುಚ್ಚಳದ ಮೇಲೆ ಮಾರ್ಕರಿನಿಂದ ಗೀಚಿ, ಗೀಟಿನ ಮೇಲೆ ನೂಲು ಇಟ್ಟು ಅಳತೆ. ಒಣ ಡಬ್ಬಿಯಲ್ಲಿ ನಿಮಿಷಕ್ಕೆ 52 ಸೆಂಟಿಮೀಟರ್, ಒದ್ದೆಯಲ್ಲಿ 9. ಒಂದೇ ಹುಳದ ಲೆಕ್ಕ, ಇನ್ನೂ ಹತ್ತಾದರೂ ಆಗಬೇಕು. ಇಂಗ್ಲೆಂಡಿನಲ್ಲಿ ಡಿ. ಎಲ್. ಗನ್ ಎಂಬ ವಿಜ್ಞಾನಿ 1937ರಲ್ಲೇ ಇದೇ ಬಳಗದ ಹುಳಗಳ ಮೇಲೆ ಇದನ್ನೇ ಅಳೆದಿದ್ದರು. ಮಕ್ಕಳಿಗೆ ಇನ್ನೂ ಹೇಳಿಲ್ಲ.

ಒಂದು ತಪ್ಪು ನನ್ನದು. ಮೂರನೇ ಭಾನುವಾರ ಹುಳಗಳನ್ನು ವಾಪಸ್ ಬಿಡಲಿಕ್ಕೆ ಮರೆತೆ. ಒಣ ಕಡೆ ಸಿಕ್ಕಿಹಾಕಿಕೊಂಡ ಮೂರು ಬೆಳಿಗ್ಗೆಗೆ ಸತ್ತಿದ್ದವು. ಮಕ್ಕಳು ಸರಿಯಾಗಿಯೇ ಬೈದರು. ಈಗ ಹತ್ತು ನಿಮಿಷ ಮುಗಿದ ಕೂಡಲೇ ಸಿಪ್ಪೆ ರಾಶಿಗೆ ಬಿಡಬೇಕು, ಆಮೇಲೆ ಕೈ ತೊಳೆಯಬೇಕು. ಅದನ್ನು ನೋಡಿಕೊಳ್ಳುವ ಜವಾಬ್ದಾರಿ ಎಲ್ಲರಿಗಿಂತ ಚಿಕ್ಕವನದ್ದು.

ಮುಂದಿನ ವಾರ ಬೆಳಕು. ಕತ್ತಲೆಯ ಒಣ ಜಾಗ ಒಂದು ಕಡೆ, ಬೆಳಕಿನ ಒದ್ದೆ ಜಾಗ ಇನ್ನೊಂದು ಕಡೆ. ಕಪ್ಪು ಚಾರ್ಟ್ ಪೇಪರ್ ತರಬೇಕು. ಶೂ ಡಬ್ಬಿಯ ಪೊಟ್ಟಣ ಯಾರ ಹತ್ತಿರವಾದರೂ ಇದ್ದರೆ ಬಿಸಾಡಬೇಡಿ ಮಾರ್ರೆ.